ಬಲಗೈ, ಎಡಗಿವಿ ಮತ್ತು ಸೂರ್ಯನ ವಯಸ್ಸು

ನಿವೃತ್ತಿಯ ಕಾಗದ ನನ್ನ ಕೈಗೆ ಬಂದದ್ದು ಫೆಬ್ರವರಿಯ ಒಂದು ಬೆಳಿಗ್ಗೆ, ಸೂರ್ಯನ ಚಿತ್ರ ಬರೆಯುತ್ತಿದ್ದಾಗ. ಕಾಲೇಜಿನ ಗುಮಾಸ್ತರು ಅಂಗಳದ ತನಕ ತಾವೇ ನಡೆದು ಬಂದಿದ್ದರು. ಇಷ್ಟು ವರ್ಷದಲ್ಲಿ ಅವರು ಯಾವ ಕಾಗದವನ್ನೂ ಹಾಗೆ ಎದ್ದು ಬಂದು ಕೊಟ್ಟವರಲ್ಲ. ಓದುವ ಮೊದಲೇ ನನಗೆ ಸಂಗತಿ ಗೊತ್ತಾಯಿತು.

“ಮೇ ಮೂವತ್ತೊಂದಕ್ಕ ನಿಮ್ಮ ಸರ್ವಿಸ್ ಮುಗೀತೈತ್ರಿ ಮೇಡಂ. ಇಲ್ಲೊಂದು ಸಹಿ ಮಾಡ್ರಿ,” ಅಂದರು.

“ನನಗಿನ್ನೂ ಐವತ್ತೆಂಟ್ರಿ.”

“ಕಾಗದದಾಗ ಅರವತ್ತೈತ್ರಿ,” ಎಂದು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ಪೆನ್ಸಿಲಿನ ಮೊನೆ ಹಾಳೆಗೆ ಒತ್ತಿ ಮುರಿದು, ಸೂರ್ಯನ ಮೇಲೆ ಇಲ್ಲದ ಕಲೆಯೊಂದು ಮೂಡಿತು. ರಬ್ಬರಿನಿಂದ ಅದನ್ನು ಅಳಿಸಿ, ಸಹಿ ಮಾಡಿಕೊಟ್ಟೆ.

ಶಿಗ್ಗಾವಿಯ ಆ ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕಿ. ಅದಕ್ಕೂ ಮೊದಲು ಹಾನಗಲ್ಲಿನಲ್ಲಿ, ಸವಣೂರಿನಲ್ಲಿ ಇದ್ದೆ. ಶಿಗ್ಗಾವಿಗೆ ಬಂದ ವರ್ಷ ಪ್ರಯೋಗಾಲಯದ ಕಪಾಟಿನ ಮೇಲೆ, ಧೂಳು ಹಿಡಿದ ಪೆಟ್ಟಿಗೆಯಲ್ಲಿ ಒಂದು ಪುಟ್ಟ ದೂರದರ್ಶಕ ಸಿಕ್ಕಿತ್ತು. ಅವತ್ತಿನಿಂದ ಒಂದು ಚಟ ಅಂಟಿಕೊಂಡಿತು. ಬೆಳಿಗ್ಗೆ ಒಂಬತ್ತೂವರೆಗೆ, ಮೊದಲ ತಾಸಿನ ಗಂಟೆ ಹೊಡೆಯುವ ಮುಂಚೆ, ನೀರಿನ ಟಾಕಿಯ ಪಕ್ಕದಲ್ಲಿ ಅದನ್ನು ನಿಲ್ಲಿಸುತ್ತೇನೆ. ಅದರೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡಬಾರದು, ಕಣ್ಣು ಹೋಗುತ್ತದೆ. ಹಿಂದೆ ಒಂದು ರಟ್ಟಿಗೆ ಬಿಳಿ ಹಾಳೆ ಸಿಕ್ಕಿಸಿ, ಹಾಳೆಯ ಮೇಲೆ ಬಿಂಬ ಬೀಳಿಸಬೇಕು. ಮೊದಲೇ ಗೆರೆ ಎಳೆದಿಟ್ಟ ವೃತ್ತದೊಳಗೆ ಬಿಂಬ ಸರಿಯಾಗಿ ಕೂತರೆ, ಅದರಲ್ಲಿ ಕಪ್ಪಗೆ ಕಾಣುವ ಸೌರಕಲೆಗಳನ್ನು ಪೆನ್ಸಿಲಿನಿಂದ ಗುರುತು ಮಾಡಿ, ಎಣಿಸಿ, ವೇಳೆ ಬರೆದಿಟ್ಟರೆ ಆಯಿತು. ಐದು ನಿಮಿಷದ ಕೆಲಸ. ಆ ಐದು ನಿಮಿಷ ಸಿಗದ ದಿನ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯವರು ಬೆಳಿಗ್ಗೆ ಎದ್ದವರೇ ಮೊದಲು ಆಕಾಶ ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ.

ಹಾಗೆ ಹತ್ತು ವರ್ಷ ಆಗಿತ್ತು. ಸೂರ್ಯನ ಮೇಲೆ ಕಲೆಗಳು ಹೆಚ್ಚಾಗಿ, ಕಡಿಮೆಯಾಗಿ, ಮತ್ತೆ ಹೆಚ್ಚಾಗುವುದಕ್ಕೆ ಸುಮಾರು ಹನ್ನೊಂದು ವರ್ಷ ಹಿಡಿಯುತ್ತದೆ. ನಾನು ಶುರು ಮಾಡಿದಾಗ ಕಲೆಗಳು ಇಳಿಮುಖವಾಗಿದ್ದವು. ನಡುವೆ ಸೂರ್ಯ ವಾರಗಟ್ಟಲೆ ತೊಳೆದಿಟ್ಟ ತಟ್ಟೆಯಂತೆ ಖಾಲಿ ಇದ್ದ. “ಮೇಡಂ, ಇವತ್ತೂ ಏನೂ ಇಲ್ರಿ,” ಎಂದು ಹುಡುಗಿಯರು ಆಕಳಿಸುತ್ತಿದ್ದರು. ಈಗ ಎರಡು ಮೂರು ವರ್ಷದಿಂದ ಅವನ ಮೈತುಂಬ ಗದ್ದಲ. ಆ ಗದ್ದಲ ಇಳಿಯಲು ಶುರುವಾಗಿ, ನಾನು ಹೊರಟಲ್ಲಿಗೆ ಬಂದು ಮುಟ್ಟಿದರೆ ಒಂದು ಸುತ್ತು ಪೂರ್ತಿ. ಅದಕ್ಕೆ ಇನ್ನೊಂದೂವರೆ ವರ್ಷವಾದರೂ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ಮೂರೇ ತಿಂಗಳು.

ನಿವೃತ್ತಿಯಾದ ಮೇಲೂ ದಿನಾ ಬಂದು ಬರೆದು ಹೋಗುತ್ತೇನೆ ಎಂದು ಕೇಳಿ ನೋಡಿದೆ. ದೂರದರ್ಶಕ ಕಾಲೇಜಿನ ದಾಸ್ತಾನು ಪುಸ್ತಕದಲ್ಲಿದೆ, ಚಾರ್ಜು ಕೊಡುವಾಗ ಅದನ್ನೂ ಕೊಡಬೇಕು, ಹೊರಗಿನವರ ಕೈಗೆ ಸಾಮಾನು ಕೊಡುವಂತಿಲ್ಲ ಎಂಬ ಉತ್ತರ ಬಂತು. ಮೇ ಮೂವತ್ತೊಂದರ ಸಂಜೆಯಿಂದ ನಾನು ಹೊರಗಿನವಳು.

ಇಷ್ಟಕ್ಕೂ ಆ ಅರವತ್ತು ಎಲ್ಲಿಂದ ಬಂತು ಅನ್ನುವುದನ್ನು ಹೇಳಬೇಕು.

ನನ್ನ ವಯಸ್ಸನ್ನು ಅಳೆದದ್ದು ನನ್ನ ಕೈ. ನಮ್ಮ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಜನನ ಪತ್ರ ಎಲ್ಲಿಯದು? ಶಾಲೆಗೆ ಸೇರಿಸಲು ಕರೆತಂದರೆ ಮಾಸ್ತರರು, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಆರು ತುಂಬಿತು. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಮುಟ್ಟಿದವರೆಲ್ಲರೂ ಹುಟ್ಟಿದ್ದು ಜೂನ್ ಒಂದಕ್ಕೆ. ನನ್ನ ವಾರಿಗೆಯವರನ್ನು ಕೇಳಿ ನೋಡಿ, ಈ ನಾಲ್ಕು ತಾಲೂಕಿನಲ್ಲಿ ಅರ್ಧ ಜನ ಜೂನ್ ಒಂದರವರೇ.

ಚಿಕ್ಕೇರೂರಿನ ಶಾಲೆಗೆ ಅಪ್ಪ ನನ್ನನ್ನೂ ಅಕ್ಕನನ್ನೂ ಒಂದೇ ದಿನ ಕರೆದುಕೊಂಡು ಹೋಗಿದ್ದ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಸೇರಬೇಕಾಗಿದ್ದವಳು ಅವಳು. ನನ್ನನ್ನು ಕರೆದೊಯ್ದದ್ದು ನಾನೂ ಬರುತ್ತೇನೆ ಎಂದು ನೆಲಕ್ಕೆ ಬಿದ್ದು ಹೊರಳಾಡಿದ್ದಕ್ಕೆ. ನಾನು ಹುಟ್ಟಿದ್ದು ಯುಗಾದಿಯ ಮರುದಿನ ಎಂದು ಅವ್ವ ಕೊನೆಯ ತನಕ ಹೇಳುತ್ತಿದ್ದಳು, ಹಾಗಾಗಿ ಅವತ್ತಿಗೆ ನನಗೆ ನಾಲ್ಕು ವರ್ಷ ಎರಡು ತಿಂಗಳು. ಆ ಬೇಸಿಗೆಯಲ್ಲಿ ಮನೆದೇವರಿಗೆ ಮುಡಿ ಕೊಟ್ಟಿದ್ದರಿಂದ ನನ್ನ ತಲೆ ಬೋಳು. ಅಕ್ಕನಿಗೆ ಶಾಲೆಯ ಮೊದಲ ದಿನ ಎಂದು ಅವ್ವ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಎರಡನ್ನೂ ನೆತ್ತಿಯ ಮೇಲೆ ತಂದು ಕೆಂಪು ರಿಬ್ಬನ್ನಿನಿಂದ ದೊಡ್ಡ ಗಂಟು ಕಟ್ಟಿದ್ದಳು. ಅಕ್ಕನ ಕೈ ಆ ಗಂಟನ್ನು ಹತ್ತಿ ಇಳಿಯುವಷ್ಟರಲ್ಲಿ ಕಿವಿಗೆ ಒಂದು ಬೆರಳಿನಷ್ಟು ದೂರ ಉಳಿಯಿತು. ಬೋಳು ತಲೆಯ ಮೇಲೆ ನನ್ನ ಕೈ ಸರಕ್ಕನೆ ಜಾರಿ ಕಿವಿ ಹಿಡಿಯಿತು. ಮಾಸ್ತರರು ನನ್ನ ಹೆಸರು ಬರೆದುಕೊಂಡು, ಅಕ್ಕನನ್ನು ಮುಂದಿನ ವರ್ಷ ಕರೆದುಕೊಂಡು ಬಾ ಎಂದು ಅಪ್ಪನಿಗೆ ಹೇಳಿದರು.

ನಮ್ಮ ಮನೆಯಲ್ಲಿ ಇದೊಂದು ನಗೆಯ ಕಥೆ. ಮದುವೆ, ಸೀಮಂತ, ತೊಟ್ಟಿಲು ಯಾವುದೇ ಇರಲಿ, ನಾಲ್ಕು ಜನ ಸೇರಿದರೆ ಯಾರಾದರೂ ಕೇಳುತ್ತಾರೆ, ನಾನು ಕೈ ಎತ್ತಿ ಅಭಿನಯ ಮಾಡಿ ಹೇಳುತ್ತೇನೆ. ತರಗತಿಯಲ್ಲಿ ಅಳತೆಯ ದೋಷಗಳು ಎಂಬ ಪಾಠಕ್ಕೆ ಮೂವತ್ತು ವರ್ಷ ಇದೇ ಉದಾಹರಣೆ ಕೊಟ್ಟಿದ್ದೇನೆ. ನಿಜವಾಗಿ ಆ ದಿನದ ಚಿತ್ರ ನನ್ನ ಕಣ್ಣಲ್ಲಿ ಉಳಿದಿರುವುದು ಒಂದೇ. ಶಾಲೆಯ ಎದುರಿಗೆ ಹನುಮಪ್ಪನ ಗುಡಿ, ಗುಡಿಯ ಮುಂದೆ ಕಲ್ಲಿನ ಎತ್ತರದ ದೀಪದ ಕಂಬ. ಆ ಕಂಬ ಒಂದು ಕಡೆ ವಾಲಿಕೊಂಡು, ಇನ್ನೇನು ಬಿದ್ದೇ ಬಿಡುತ್ತದೆ ಎನ್ನುವ ಹಾಗೆ ನಿಂತಿತ್ತು. ಅದೊಂದೇ ಚೆನ್ನಾಗಿ ನೆನಪಿದೆ. ಮರುವರ್ಷವೇ ಅಪ್ಪ ಹಿರೇಕೆರೂರಿಗೆ ಮನೆ ಬದಲಿಸಿದ. ಆ ಶಾಲೆಯ ಕಡೆ ಮತ್ತೆ ನಾನು ಹೋಗಲೇ ಇಲ್ಲ.

ಆ ಎರಡು ವರ್ಷದ ಸುಳ್ಳನ್ನು ನಾನು ಇಷ್ಟು ದಿನ ಯಾಕೆ ಸರಿ ಮಾಡಿಸಲಿಲ್ಲ ಎಂದು ಕೇಳಿದರೆ, ಉತ್ತರ ಅಷ್ಟೇನೂ ಚೆನ್ನಾಗಿಲ್ಲ. ಎರಡು ವರ್ಷ ಮೊದಲೇ ಓದು ಮುಗಿಯಿತು, ಎರಡು ವರ್ಷ ಮೊದಲೇ ನೌಕರಿ ಸಿಕ್ಕಿತು. ಲಾಭ ಆಗುವ ತನಕ ಬಾಯಿ ಮುಚ್ಚಿಕೊಂಡಿದ್ದೆ.

ಇದರ ಜೊತೆಗೇ ಇನ್ನೊಂದು ನಡೆಯುತ್ತಿತ್ತು. ಹಾನಗಲ್ಲಿನಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಪುಣೆಯಲ್ಲಿ ಖಗೋಳ ವಿಜ್ಞಾನಿ. ನಕ್ಷತ್ರಗಳ ಕಂಪನ ಅಳೆದು ಅವುಗಳ ವಯಸ್ಸು ಹೇಳುವುದು ಅವಳ ಕೆಲಸ. ಅಕ್ಕಿಆಲೂರಿನ ಸಂತೆಯಲ್ಲಿ ಹೆಂಗಸರು ಗಡಿಗೆಯನ್ನು ಬೆರಳ ಗಿಣ್ಣಿನಿಂದ ಬಾರಿಸಿ, ಸದ್ದು ಕೇಳಿ ಆಮೇಲೆ ಕೊಳ್ಳುತ್ತಾರಲ್ಲ, ಬಹುಪಾಲು ಅದೇ. ಸೂರ್ಯನೊಳಗೆ ಸದ್ದಿನ ಅಲೆಗಳು ಸದಾ ಓಡಾಡುತ್ತಿರುತ್ತವೆ. ಅವು ಬಂದು ಬಡಿದಾಗ ಅವನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ತುಸು ಉಬ್ಬಿ ಇಳಿಯುತ್ತದೆ. ಒಂದಲ್ಲ, ಅಸಂಖ್ಯ ಶ್ರುತಿಗಳು ಒಟ್ಟಿಗೆ ಮಿಡಿಯುತ್ತಿರುತ್ತವೆ. ಆ ಶ್ರುತಿಗಳನ್ನು ಬಿಡಿಸಿ ನೋಡಿದರೆ ಹೊಟ್ಟೆಯೊಳಗೆ ಎಷ್ಟು ಉರಿದಿದೆ, ಎಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಅದರಿಂದ ವಯಸ್ಸು.

ಸೂರ್ಯನ ಕಂಪನದ ಅಳತೆಗಳು ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ಹಾಗೆ ಇಂಟರ್ನೆಟ್ಟಿನಲ್ಲಿವೆ. ಲೆಕ್ಕ ಮಾಡುವ ಪ್ರೋಗ್ರಾಮನ್ನು ಆ ಹುಡುಗಿಯೇ ಕಳಿಸಿದ್ದಳು. ಸೂರ್ಯನನ್ನು ಎಲ್ಲೋ ದೂರದಲ್ಲಿರುವ, ನಮಗೆ ಗುರುತೇ ಇಲ್ಲದ ಒಂದು ನಕ್ಷತ್ರ ಎಂದುಕೊಂಡು ಅವನ ವಯಸ್ಸು ತೆಗೆಯಿರಿ, ಪಕ್ಕದಲ್ಲಿ ನಿಮ್ಮ ಕಲೆಗಳ ಎಣಿಕೆ ಇಡಿ ಎಂದಿದ್ದಳು. ನಾನು ಹತ್ತು ವರ್ಷವನ್ನು ಆರಾರು ತಿಂಗಳಿಗೆ ಕತ್ತರಿಸಿ, ಒಂದೊಂದು ತುಂಡಿಗೂ ವಯಸ್ಸು ತೆಗೆದೆ. ಸೂರ್ಯ ಶಾಂತನಾಗಿದ್ದ ಕಾಲದ ತುಂಡುಗಳು ಒಂದು ವಯಸ್ಸು ಹೇಳಿದವು. ಈಚಿನ ಗದ್ದಲದ ತುಂಡುಗಳು ಬೇರೆಯೇ ಹೇಳಿದವು. ವ್ಯತ್ಯಾಸ ಕೋಟಿಗಟ್ಟಲೆ ವರ್ಷ. ನಾನೇ ಎಲ್ಲೋ ಎಡವಿದ್ದೇನೆ ಎಂದುಕೊಂಡು ಮೂರು ವಾರ ಲೆಕ್ಕ ತಿದ್ದಿದೆ. ಚಹಾ ಆರಿ ಹೋಗುತ್ತಿತ್ತು, ಒಲೆಯ ಮೇಲಿನ ಸಾರು ಸೀದು ಹೋಗುತ್ತಿತ್ತು. ಅಷ್ಟಾದರೂ ಉತ್ತರ ಬದಲಾಗಲಿಲ್ಲ. ಕಡೆಗೆ ಫೋನು ಮಾಡಿದೆ.

“ನೀವು ತಪ್ಪು ಮಾಡಿಲ್ರಿ ಮೇಡಂ,” ಎಂದಳು. “ಗದ್ದಲ ಇದ್ದಾಗ ಶ್ರುತಿ ಒಂದೀಟು ಮ್ಯಾಲೆ ಏರತಾವ್ರಿ, ಕಂಪನದ ಜೋರೂ ಕಮ್ಮಿ ಆಗತೈತಿ. ಆ ಕಲೆ ಮಾಡೂ ಕಾಂತೀಯ ಗಂಟುಗಳೆಲ್ಲಾ ಮ್ಯಾಲಿನ ಪದರದಾಗ ಇರತಾವಲ್ರಿ. ಒಳಗ ಏನೂ ಬದಲಾಗಿರಂಗಿಲ್ಲ. ಬದಲಾಗೂದು ತೊಗಲು ಅಷ್ಟ.”

“ಅಂದ್ರ ನಮ್ಮಕ್ಕನ ತಲಿ ಮ್ಯಾಲಿನ ರಿಬ್ಬನ್ ಗಂಟು,” ಎಂದೆ. ನನ್ನ ಕಥೆ ಕೇಳಿ ಬೆಳೆದವಳು, ಗಟ್ಟಿಯಾಗಿ ನಕ್ಕಳು. ಆಮೇಲೆ ಹೇಳಿದಳು, ಸೂರ್ಯನಾದರೆ ಪರವಾಗಿಲ್ಲ, ಆಕಾಶದಿಂದ ಬಿದ್ದ ಕಲ್ಲುಗಳನ್ನು ಪರೀಕ್ಷಿಸಿ ಅವನ ನಿಜವಾದ ವಯಸ್ಸು ನಮಗೆ ಗೊತ್ತಿದೆ, ಹಾಗಾಗಿ ಸುಳ್ಳು ಹೇಳಿದರೆ ಹಿಡಿಯಬಹುದು. ದೂರದ ನಕ್ಷತ್ರದ್ದು ಕಷ್ಟ. ಅಲ್ಲಿಂದ ನಮಗೆ ಒಂದು ಕಲ್ಲೂ ಬಂದಿಲ್ಲ. ಅದನ್ನು ನಾವು ಗದ್ದಲದ ಕಾಲದಲ್ಲಿ ಅಳೆದೆವೋ ಶಾಂತವಾಗಿದ್ದಾಗ ಅಳೆದೆವೋ, ಅದೇ ಬಹಳ ಸಲ ಗೊತ್ತಿರುವುದಿಲ್ಲ.

“ನಿಮ್ಮ ಚಿತ್ರ ಒಂದು ಸುತ್ತು ಪೂರ್ತಿ ಆಗ್ಲಿ ಮೇಡಂ. ಒಬ್ಬರದ ಕಣ್ಣು, ಒಂದ ದೂರದರ್ಶಕ, ಒಂದ ಜಾಗ. ಹಂಗ ಪೂರ್ತಿ ಸುತ್ತು ಯಾರ ಹತ್ರ ಐತ್ರಿ? ಇಬ್ರೂ ಕೂಡೇ ಬರೆಯೂಣು.”

ಜೀವಮಾನದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಮಕ್ಕಳನ್ನು ಪಾಸು ಮಾಡಿಸಿದ್ದೇ ನನ್ನ ಸಾಧನೆ ಎಂದುಕೊಂಡಿದ್ದೆ. ಆಸೆ ಹುಟ್ಟಿದ ಎರಡನೇ ವಾರಕ್ಕೇ ಗುಮಾಸ್ತರು ಕಾಗದ ಹಿಡಿದು ಅಂಗಳಕ್ಕೆ ಬಂದರು.

ನಾನು ಕೂತಲ್ಲಿ ಕೂರದವಳು. ಆ ಫೆಬ್ರವರಿ ಮಾರ್ಚಿನಲ್ಲಂತೂ ನಿಂತಲ್ಲಿ ನಿಲ್ಲಲಿಲ್ಲ. ಸವಣೂರಿನ ಪರಿಚಯದ ವಕೀಲರ ಹತ್ತಿರ ಹೋದೆ. ನೌಕರಿಗೆ ಸೇರಿದ ಹೊಸದರಲ್ಲಿ ಕೇಳಬೇಕಿತ್ತು, ಈಗ ಬಹಳ ಕಷ್ಟ ಎಂದರು. ನಾನು ಬಿಡಲಿಲ್ಲ. ಅವರ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಅತ್ತ ಇತ್ತ ಉರುಳಿಸುತ್ತ ಕೂತೇ ಇದ್ದೆ. ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದಿಟ್ಟು ಅವರು ಹೇಳಿದರು:

“ಶಾಲಿ ರಜಿಸ್ಟರಿನ ನಕಲು ತರ್ರಿ. ನಿಮ್ಮನ್ನ ಸೇರಿಸಿದಾಗ ಅಲ್ಲಿ ಇದ್ದವರು ಯಾರಾದರೂ ಅದಾರೇನ್ರಿ?”

“ನಮ್ಮ ಅಕ್ಕ ಇದ್ಲ್ರಿ.”

“ಹಂಗಾರ ಅವರ ಕಡೆಯಿಂದ ಪ್ರಮಾಣಪತ್ರ ಮಾಡಸ್ರಿ. ಆ ದಿನ ಏನು ನಡೀತು, ನಿಮ್ಮ ವಯಸ್ಸು ಹೆಂಗ ಹೆಚ್ಚಿಗಿ ಬಿತ್ತು, ಎಲ್ಲಾ ಅವರ ಬಾಯಿಲೇ ಬರಬೇಕು. ಆಗತೈತಿ ಅಂತ ಹೇಳಂಗಿಲ್ಲ, ನೋಡೂಣಂತ.”

ನೋಡೋಣ ಎಂಬ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾಂಡ್ ಪೇಪರಿನ ಮೇಲೆ ಮಾತುಗಳನ್ನು ಟೈಪು ಮಾಡಿಸಿ, ಅಕ್ಕನ ಗುರುತಿಗೆ ಜಾಗ ಖಾಲಿ ಬಿಡಿಸಿ, ಚೀಲಕ್ಕೆ ಹಾಕಿಕೊಂಡೆ. ಗೆದ್ದರೆ ಸಿಗುವುದು ಎರಡು ವರ್ಷಕ್ಕೆ ಎರಡು ತಿಂಗಳು ಕಡಿಮೆ. ನನ್ನ ಸುತ್ತು ಪೂರ್ತಿಯಾಗಿ ಇನ್ನೂ ಮಿಗುತ್ತಿತ್ತು.

ಮರುದಿನವೇ ರಜೆ ಹಾಕಿ ಚಿಕ್ಕೇರೂರಿಗೆ ಹೊರಟೆ. ಶಿಗ್ಗಾವಿಯಿಂದ ಬಂಕಾಪುರದ ಮೇಲೆ ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಅಕ್ಕಿಆಲೂರಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ಅಕ್ಕಿಆಲೂರಿನಲ್ಲಿ ಮುಕ್ಕಾಲು ತಾಸು ಬಸ್ಸಿಲ್ಲ. ನಿಲ್ದಾಣದ ಕಟ್ಟೆಯ ಮೇಲೆ ಹೆಂಗಸೊಬ್ಬಳು ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದಳು. ನಾನು ಅವಳ ಮುಂದೆ ಎಷ್ಟು ಸಲ ಹಾದು ಹೋದೆನೋ, “ಯವ್ವಾ, ನೀ ಹಿಂಗ ತಿರಿಗ್ಯಾಡಿದ್ರ ಬಸ್ ಲಗೂನ ಬರತೈತೇನು? ಕುಂಡ್ರ ಬಾ,” ಎಂದು ಗಂಟು ಸರಿಸಿ ಜಾಗ ಮಾಡಿಕೊಟ್ಟಳು. ಕೂತೆ. ಎರಡು ನಿಮಿಷಕ್ಕೆ ಮತ್ತೆ ಎದ್ದೆ.

ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯ ಹೆಂಗಸು. ಹಳೆಯ ರಜಿಸ್ಟರನ್ನು ಕಬ್ಬಿಣದ ಟ್ರಂಕಿನಿಂದ ತೆಗೆಸಿ, ಬಟ್ಟೆಯಿಂದ ಒರೆಸಿ ಮುಂದಿಟ್ಟರು. ಪುಟ ಸಿಕ್ಕಿತು. ಒಂದರ ಕೆಳಗೊಂದು ಹೆಸರು, ಎದುರಿಗೆ ಜೂನ್ ಒಂದು, ಜೂನ್ ಒಂದು, ಜೂನ್ ಒಂದು. ನನ್ನ ಹೆಸರಿನ ಎದುರಿಗೂ ಅದೇ. ನನ್ನ ಹೆಸರಿಗಿಂತ ಮೇಲಿನ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಮಾಸ್ತರರು ಅವಳು ಮುಟ್ಟುತ್ತಾಳೆ ಎಂದುಕೊಂಡು ಮೊದಲೇ ಬರೆದುಬಿಟ್ಟಿದ್ದರು. ಆಮೇಲೆ ಅದರ ಮೇಲೆ ಒಂದು ಗೆರೆ ಎಳೆದಿದ್ದರು. ಎದುರಿಗೆ ತಾರೀಖು ಇರಲಿಲ್ಲ. ನಾನು ಆ ಗೆರೆಯನ್ನು ನೋಡಿದೆ, ಆದರೆ ನೋಡಬೇಕಾದ ಹಾಗೆ ನೋಡಲಿಲ್ಲ. ನನ್ನ ಕಣ್ಣೆಲ್ಲ ನನ್ನ ಸಾಲಿನ ಮೇಲೆಯೇ ಇತ್ತು.

ನಕಲು ಬರೆಯುವ ತನಕ ಹೊರಗೆ ಬಂದು ನಿಂತೆ. ಎದುರಿಗೆ ಹನುಮಪ್ಪನ ಗುಡಿ. ಗುಡಿಯ ಮುಂದೆ ದೀಪದ ಕಂಬ, ಕೋಲಿನಷ್ಟು ನೆಟ್ಟಗೆ.

“ಈ ಕಂಬ ಮೊದಲು ವಾಲಿತ್ತಲ್ರಿ, ಯಾವಾಗ ನೆಟ್ಟಗ ಮಾಡಿಸಿದ್ರಿ?” ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದೆ.

“ಇಲ್ಲಲ್ರಿ. ಅದು ಬಂಡಿಗಲ್ಲಿನ ಮ್ಯಾಲೆ ನಿಂತೈತಿ. ನಮ್ಮ ಮುತ್ಯಾನ ಕಾಲದಿಂದ ಹಂಗ ಐತಿ.”

ಅವರು ಈಚಿನವರು, ಗೊತ್ತಿಲ್ಲ ಎಂದುಕೊಂಡೆ. ವಾಲಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಬಸ್ಸಿನಲ್ಲಿ ಹಿರೇಕೆರೂರಿನ ತನಕ ಆ ಕಂಬ ತಲೆಯೊಳಗೆ ಕೊರೆಯುತ್ತಲೇ ಇತ್ತು.

ಅಕ್ಕನನ್ನು ಕೊಟ್ಟದ್ದು ಹಿರೇಕೆರೂರಿಗೇ. ಸೊಸೆಯಂದಿರು, ಮೊಮ್ಮಕ್ಕಳು, ಕಟ್ಟಿದ ಎಮ್ಮೆಗಳು, ತುಂಬಿದ ಮನೆ. ಸೊಸೆಯಂದಿರಿದ್ದರೂ ರೊಟ್ಟಿ ಬಡಿಯುವುದನ್ನು ಮಾತ್ರ ಅಕ್ಕ ಯಾರಿಗೂ ಬಿಟ್ಟಿಲ್ಲ. ನಾನು ಹೋದಾಗ ಒಲೆಯ ಮುಂದೆ ಕೂತು ಬಡಿಯುತ್ತಿದ್ದಳು. ನನ್ನ ಮುಖ ನೋಡಿ, “ಏನಾತು? ಸೂರ್ಯಾ ಕಾಣ್ಸಲಿಲ್ಲೇನ?” ಎಂದಳು. 

ಅವಳ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಹತ್ತು ವರ್ಷದ ಚಿತ್ರ, ಪುಣೆಯ ಹುಡುಗಿ, ಪೂರ್ತಿಯಾಗದ ಸುತ್ತು, ಗುಮಾಸ್ತರು, ವಕೀಲರು. ಆ ಮಾಸ್ತರರನ್ನು ಬೈದೆ. ಕೈಯಿಂದ ವಯಸ್ಸು ಅಳೆಯುವ ಬುದ್ಧಿಯನ್ನು ಬೈದೆ. ನನ್ನ ಜೀವನದ ಎರಡು ವರ್ಷ ಕದ್ದರು ಎಂದೆ. ಅಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕುತ್ತಿದ್ದಳು.

“ನಾ ಏನು ಮಾಡ್ಬೇಕು?” ಎಂದಳು ಕಡೆಗೆ.

ಬಾಂಡ್ ಪೇಪರು ತೆಗೆದೆ. “ಆ ದಿನ ನಡದದ್ದು ಹೇಳ್ಬೇಕು. ನನಗ ಆರು ತುಂಬಿರಲಿಲ್ಲ, ನಾ ನಿನಗಿಂತ ಎರಡು ವರ್ಷ ಸಣ್ಣಾಕಿ ಅಂತ.”

“ಹೇಳ್ತೇನಿ. ಯಾಕ ಹೇಳಬಾರ್ದು? ನಡದದ್ದು ನಡದಂಗ ಹೇಳ್ತೇನಿ,” ಎಂದು ಅಕ್ಕ ಕೈಯ ಹಿಟ್ಟು ಕೊಡವಿದಳು. “ಆದ್ರ ಎಲ್ಲಾ ಹೇಳಾಕಿ ನಾ. ಅರ್ಧ ಹೇಳಂಗಿಲ್ಲ.”

“ಎಲ್ಲಾ ಅಂದ್ರ?”

“ನೀ ತಲಿ ವಾಲಿಸಿದ್ದಿ.”

ನನಗೆ ತಿಳಿಯಲಿಲ್ಲ.

“ಮಾಸ್ತರು ರಜಿಸ್ಟರ್ ಕಡೆ ಬಗ್ಗಿದ್ರು. ನೀ ಕೈ ಒಯ್ದಿ, ಮುಟ್ಟಲಿಲ್ಲ. ತಲಿ ಹಿಂಗ ಬಲಕ್ಕ, ಹೆಗಲಿಗೆ ಹತ್ತೂವಂಗ ವಾಲಿಸಿ, ಕಿವೀನ ಬೆರಳಿನ ಕಡೆ ತಂದಿ. ಅವರು ತಲಿ ಎತ್ತೂದ್ರಾಗ ಕಿವಿ ಹಿಡಕೊಂಡು ನಗಾಕತ್ತಿದ್ದಿ. ನಾ ಬಾಜೂಕ ನಿಂತಿದ್ದೆ ಅಲ್ಲ? ನೋಡಿದೆ.”

“ಸುಳ್ಳು,” ಎಂದೆ. ಜೋರಾಗಿಯೇ ಅಂದೆ, ಒಳಗಿನಿಂದ ಸೊಸೆಯೊಬ್ಬಳು ಇಣುಕಿ ನೋಡಿ ಹೋದಳು. “ನನ್ನ ಕೈ ಉದ್ದ ಇತ್ತು. ತಲಿ ಬೋಳಿತ್ತು. ನಿನ್ನ ತಲೀಮ್ಯಾಲೆ ಗಂಟಿತ್ತು.”

“ಗಂಟಿತ್ತು, ಖರೆ. ಅದಕ್ಕ ನಂದು ಮುಟ್ಟಲಿಲ್ಲ. ನಿಂದು ಮುಟ್ಟಿದ್ದು ಅದಕ್ಕಲ್ಲ.”

ಇನ್ನೂ ಏನೋ ಹೇಳಲು ಬಾಯಿ ತೆರೆದೆ. ಆಗ ಕಂಬ ನೆನಪಾಯಿತು. ಬಂಡೆಗಲ್ಲಿನ ಮೇಲೆ ಮುತ್ತಜ್ಜಂದಿರ ಕಾಲದಿಂದ ನೆಟ್ಟಗೆ ನಿಂತ ಕಂಬ. ಅದು ನನ್ನ ಕಣ್ಣಿಗೆ ವಾಲಿ ಕಂಡದ್ದು ಒಂದೇ ಒಂದು ದಿನ, ಒಂದೇ ಒಂದು ಗಳಿಗೆ. ವಾಲಿದ್ದು ಕಂಬವಲ್ಲ, ನನ್ನ ತಲೆ. ಅಷ್ಟು ವರ್ಷ ಅದನ್ನು ತಲೆಯೊಳಗೆ ಇಟ್ಟುಕೊಂಡು ತಿರುಗಿದ್ದೆ, ಅದು ಯಾಕೆ ವಾಲಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಳತೆಯ ದೋಷಗಳ ಪಾಠ ಮೂವತ್ತು ವರ್ಷ ಮಾಡಿದವಳು ನಾನು. ಮಾಸ್ತರರ ತಪ್ಪು, ರಿಬ್ಬನ್ನಿನ ತಪ್ಪು, ಕೂದಲಿನ ತಪ್ಪು ಎಂದು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ನನಗೆ ಬಹಳ ನಾಚಿಕೆಯಾಯಿತು.

“ಮತ್ತ ಅವತ್ತ ಯಾಕ ಹೇಳಲಿಲ್ಲ?” ಎಂದೆ. ದನಿ ಸಣ್ಣದಾಗಿತ್ತು.

“ಹೇಳಿದ್ರ ಇಬ್ರನ್ನೂ ಮನೀಗೆ ಕಳಸ್ತಿದ್ರು,” ಎಂದಳು ಅಕ್ಕ, ಹೊಸ ಹಿಟ್ಟಿನ ಉಂಡೆ ನಾದುತ್ತ. “ಹೆಂಗೂ ನಂದು ಮುಂದಿನ ವರ್ಷ ಇತ್ತಲ್ಲ.”

ಮುಂದಿನ ವರ್ಷ ನಾವು ಹಿರೇಕೆರೂರಿಗೆ ಬಂದೆವು. ಅವ್ವನಿಗೆ ಮೂರನೇ ಕೂಸು ಹುಟ್ಟಿತ್ತು. ತೊಟ್ಟಿಲು ತೂಗಲು ಮನೆಯಲ್ಲಿ ಒಬ್ಬರು ಬೇಕಿತ್ತು. ನಾನು ಆಗಲೇ ಎರಡನೇ ಇಯತ್ತೆಯವಳು, ಶಾಲೆ ಬಿಡಿಸುವ ಹಾಗಿರಲಿಲ್ಲ. ಅಕ್ಕ ಉಳಿದಳು. ಆಮೇಲೆ ಅವಳನ್ನು ಶಾಲೆಗೆ ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಇದೂ ನನಗೆ ಗೊತ್ತಿದ್ದ ಸಂಗತಿಯೇ. ನಗೆಯ ಕಥೆ ಹೇಳುವಾಗ ಮಾಸ್ತರರು ನನ್ನ ಹೆಸರು ಬರೆದುಕೊಂಡರು ಎಂಬಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ, ಅಷ್ಟೇ. ಹೆಸರಿನ ಮೇಲೆ ಗೆರೆ ಎಳೆದದ್ದನ್ನು ಅವತ್ತೇ ಬೆಳಿಗ್ಗೆ ಕಣ್ಣಾರೆ ನೋಡಿಬಂದಿದ್ದೆ.

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಎಲ್ಲೆ ಒತ್ಬೇಕು ಹೆಬ್ಬಟ್ಟು?” ಎಂದು ಬಾಂಡ್ ಪೇಪರಿನ ಮೇಲೆ ಬಗ್ಗಿದಳು. ಹೆಬ್ಬೆರಳಿನ ಗೆರೆಗಳಲ್ಲಿ ಜೋಳದ ಹಿಟ್ಟು ಇನ್ನೂ ಉಳಿದಿತ್ತು. “ಇಂಕಿನ ಡಬ್ಬಿ ತಂದೀಯಿಲ್ಲ?”

ತಂದಿದ್ದೆ. ಚೀಲದಲ್ಲಿತ್ತು. ಸಹಿ ಮಾಡಲು ಬಾರದವಳು ಎಂದು ಗೊತ್ತಿದ್ದೇ ಜ್ಞಾಪಕದಿಂದ ಹಾಕಿಕೊಂಡು ಬಂದಿದ್ದೆ.

“ಬ್ಯಾಡಕ್ಕಾ,” ಎಂದೆ. ಕಾಗದ ಮಡಚಿದೆ. ಅವಳಿಗೆ ಕಾಣದಿರಲಿ ಎಂದು ಒಲೆಯ ಕಡೆ ಮುಖ ತಿರುಗಿಸಿದೆ. ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

“ಯಾಕ? ಎಲ್ಲಾ ಹೇಳ್ತೇನಿ ಅಂದಿದ್ದಕ್ಕ ಸಿಟ್ಟು ಬಂತೇನ? ನೀ ಸಣ್ಣಾಕಿ ಇದ್ದಿ, ಯಾರೂ ಏನೂ ಅನ್ನಂಗಿಲ್ಲ.”

“ಹಂಗಲ್ಲ. ಪುಣೇದಾಕಿಗೆ ಹತ್ತು ವರ್ಷದ್ದ ಕಳಸ್ತೇನಿ. ಸುತ್ತು ಪೂರ್ತಿ ಆಗಿಲ್ಲ ಅಂತ ಬರದ ಕಳಸ್ತೇನಿ.”

ಅಕ್ಕನಿಗೆ ಏನು ಅನ್ನಿಸಿತೋ, ಕೈಚಾಚಿ ನನ್ನ ಗದ್ದ ಹಿಡಿದು ಮುಖವನ್ನು ನೆಟ್ಟಗೆ ಮಾಡಿದಳು. ಹಿಟ್ಟಿನ ಬೆರಳು ಕೆನ್ನೆಗೆ ಹತ್ತಿತು. “ಹಾಂ, ಈಗ ಮುಟ್ಟು ನೋಡೂಣು,” ಎಂದಳು. ನಾನು ಬಲಗೈ ಎತ್ತಿ ನೆತ್ತಿಯ ಮೇಲಿಂದ ಹಾಯಿಸಿದೆ. ನರೆತ ಕೂದಲ ಮೇಲೆ ಹಾದು ಎಡಗಿವಿ ಸಿಕ್ಕಿತು. ಈ ವಯಸ್ಸಿಗೆ ಸಿಗದೆ ಏನು.

“ಆರು ತುಂಬಿತು, ಬರಕೋರಿ ಮಾಸ್ತರ,” ಎಂದು ನಕ್ಕಳು. ನಗುತ್ತಲೇ ತಾನೂ ಕೈ ಎತ್ತಿದಳು. ಎರಡು ವರ್ಷದಿಂದ ಅವಳ ಬಲ ಹೆಗಲು ಹಿಡಿದುಬಿಟ್ಟಿದೆ, ರೊಟ್ಟಿ ಬಡಿಯಲು ಅಡ್ಡಿಯಿಲ್ಲ, ಪೂರ್ತಿ ಮೇಲೆ ಏರುವುದಿಲ್ಲ. ಕೈ ನೆತ್ತಿಯ ತನಕ ಹೋಗಿ ನಿಂತಿತು. ಬೆರಳ ತುದಿಗೂ ಎಡಗಿವಿಗೂ ನಡುವೆ ಒಂದು ಗೇಣು.

“ನಂದು ಈಗೂ ಮುಟ್ಟವಲ್ದು ನೋಡು.”

“ತಲಿ ಒಂದೀಟು ವಾಲ್ಸಕ್ಕಾ,” ಎಂದೆ. “ಮುಟ್ಟತೈತಿ.”

“ಒಲ್ಲೆ,” ಎಂದಳು ಅಕ್ಕ. “ಅವತ್ತೂ ವಾಲ್ಸಿಲ್ಲ.” ಕೈ ಇಳಿಸಿ, ಹಂಚಿನ ಮೇಲಿನ ರೊಟ್ಟಿ ಸೀದೀತೆಂದು ಬೇಗ ತಿರುವಿ ಹಾಕಿದಳು.